ದೋಷಕ್ಕೆ ಯಾವ ಜಾಗ?

ಮನೆಯಲ್ಲೇ ಸ್ಪೀಕರ್ ಕಟ್ಟುವವರಿಗೆ ಪೆಟ್ಟಿಗೆಯ ಮರಗೆಲಸಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಕೆಳಸ್ವರದ ವೂಫರ್ ಎಲ್ಲಿ ಬಿಟ್ಟುಕೊಡಬೇಕು, ಮೇಲ್ಸ್ವರದ ಟ್ವೀಟರ್ ಎಲ್ಲಿ ಎತ್ತಿಕೊಳ್ಳಬೇಕು? ಅದನ್ನು ತೀರ್ಮಾನಿಸುವ ಸರ್ಕ್ಯೂಟೇ ಕ್ರಾಸ್‌ಓವರ್. ಇಂಥ ಎರಡು ಡ್ರೈವರುಗಳ ಸ್ಪೀಕರಿನಲ್ಲಿ ಈ ಗಡಿ ಹೆಚ್ಚಾಗಿ 2,000ದಿಂದ 3,000 ಹರ್ಟ್ಸ್ ನಡುವೆ ಬೀಳುತ್ತದೆ. ಕಿವಿ ತೀರ ಚುರುಕಾಗಿರುವುದೂ ಆ ಸುತ್ತಿನಲ್ಲೇ. ತಂಬೂರಿಯ ತಂತಿಯೊಂದನ್ನು ಮೀಟಿದರೆ ಮೂಲಸ್ವರ ವೂಫರಿನಿಂದ, ಜವಾರಿಯ ಝೇಂಕಾರದ ಮೇಲ್ತುದಿ ಟ್ವೀಟರಿನಿಂದ ಬರುತ್ತದೆ. ಒಂದೇ ನಾದವನ್ನು ಸೀಳಿ, ಮತ್ತೆ ಒಂದೇ ಎಂಬಂತೆ ಕೇಳಿಸಬೇಕು. ಇದು ದೋಷವಿಲ್ಲದೆ ಆಗದು. ದೋಷವನ್ನು ಎಲ್ಲಿಡಬೇಕೆಂಬ ವಿವೇಕವೇ ಇಲ್ಲಿ ವಿನ್ಯಾಸ.

ಅತಿ ಸರಳ ದಾರಿಯಲ್ಲಿ ಟ್ವೀಟರಿಗೊಂದು ಕೆಪಾಸಿಟರ್, ವೂಫರಿಗೊಂದು ಕಾಯಿಲ್. ಆಕ್ಟೇವಿಗೆ 6 ಡೆಸಿಬೆಲ್ ಇಳಿತ. ಲೆಕ್ಕದಲ್ಲಿ ಇದು ಪರಿಶುದ್ಧ: ಎರಡು ಪಾಲು ಕೂಡಿದಾಗ ಮೂಲ ತರಂಗದ ಆಕಾರವೇ ಮರಳಿ ಸಿಗುತ್ತದೆ. ಆದರೆ ಎರಡೂ ಡ್ರೈವರುಗಳು ಒಂದೇ ಬಿಂದುವಿನಲ್ಲಿವೆ, ಗಡಿಯಾಚೆಗೂ ಸರಿಯಾಗಿ ನಡೆದುಕೊಳ್ಳುತ್ತವೆ ಎಂದು ಆ ಲೆಕ್ಕ ನಂಬಿದೆ. ನಿಜದಲ್ಲಿ ಟ್ವೀಟರ್ ತನ್ನಿಂದಾಗದ ಕೆಳಸ್ವರಗಳ ಭಾರ ಹೊರುತ್ತದೆ. ವೂಫರಿನ ಕೋನು ಕರ್ಕಶವಾಗುವ ಎತ್ತರದಲ್ಲೂ ಕೇಳಿಸುತ್ತಲೇ ಇರುತ್ತದೆ. 2,500 ಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 14 ಸೆಂಟಿಮೀಟರ್. ಡ್ರೈವರುಗಳ ನಡುವಿನ ಅಂತರವೂ ಹಲವು ವಿನ್ಯಾಸಗಳಲ್ಲಿ ಹೆಚ್ಚುಕಡಿಮೆ ಅಷ್ಟೇ. ಕೂತವರು ಎದ್ದು ನಿಂತರೂ ಸಾಕು, ಕೂಡಬೇಕಾದ ಅಲೆಗಳು ಒಂದನ್ನೊಂದು ಕಳೆಯತೊಡಗುತ್ತವೆ.

1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಪ್ರಕಟಿಸಿದ ಲೇಖನ ಈ ಅಂತರವನ್ನೇ ಆರಂಭದ ಸತ್ಯವಾಗಿ ಒಪ್ಪಿಕೊಂಡಿತು. ಅವರ ಮತ್ತು ರಸ್ ರೈಲಿಯವರ ಹೆಸರಿನ, ಆಕ್ಟೇವಿಗೆ 24 ಡೆಸಿಬೆಲ್ ಇಳಿಯುವ ವಿನ್ಯಾಸದಲ್ಲಿ ಎರಡೂ ಡ್ರೈವರುಗಳು ಗಡಿಯಲ್ಲಿ 6 ಡೆಸಿಬೆಲ್ ತಗ್ಗಿ, ಒಂದೇ ಫೇಸಿನಲ್ಲಿ, ಅಂದರೆ ಅಲೆಗಳ ಏರಿಳಿತ ಒಟ್ಟೊಟ್ಟಿಗೇ ಆಗುವಂತೆ, ಕೂಡುತ್ತವೆ. ಟ್ವೀಟರಿಗೆ ರಕ್ಷಣೆ, ಧ್ವನಿಗೆ ನೇರ ದಿಕ್ಕು. ಇದಕ್ಕೆ ತೆರುವ ಬೆಲೆ: ಬಿಡಿಭಾಗಗಳು ಹೆಚ್ಚು, ಮೇಲಾಗಿ ಫೇಸ್ ಒಟ್ಟು 360 ಡಿಗ್ರಿ ತಿರುಗಿ ತರಂಗದ ಆಕಾರ ಕೆಡುತ್ತದೆ.

ಆಕಾರವೇ ಕೆಟ್ಟ ಮೇಲೆ ನಿಷ್ಠೆ ಎಲ್ಲುಳಿಯಿತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ 6 ಡೆಸಿಬೆಲ್ ದಾರಿಯ ನಿಷ್ಠೆ ಒಂದು ಬಿಂದುವಿಗಷ್ಟೇ ಸೀಮಿತ. ನಾವು ಕೇಳುವುದು ನೇರ ಧ್ವನಿಯ ಜೊತೆಗೆ ಗೋಡೆ, ನೆಲ, ಸೂರು ಮರಳಿಸಿದ್ದನ್ನೂ. ಸಂಗೀತದಲ್ಲಿ ಫೇಸಿನ ಆ ತಿರುವನ್ನು ಹಿಡಿಯುವುದು ಕಿವಿಗೆ ಬಲು ಕಷ್ಟ. ಗಾಯಕನ ಕಂಠದಲ್ಲಿ ಬಿದ್ದ ಕೆಲವು ಡೆಸಿಬೆಲ್‌ಗಳ ಕುಳಿಯನ್ನು ಅದು ಸುಲಭವಾಗಿ ಗುರುತಿಸುತ್ತದೆ. ಹಾಗಾಗಿ ನಾನು ಕಡಿದಾದ ಇಳಿತದ ಪರ. ಲೆಕ್ಕದ ಚೆಲುವಿಗಿಂತ ಕೇಳುವವರ ಹಿತ ದೊಡ್ಡದು.

1970ರ ದಶಕದಲ್ಲಿ ಬಿಬಿಸಿ ರೂಪಿಸಿದ ಎಲ್‌ಎಸ್3/5ಎ ಎಂಬ ಸ್ಪೀಕರ್ ಇದಕ್ಕೆ ಸಾಕ್ಷಿ. ಪ್ರಸಾರದ ವಾಹನದೊಳಗಿನ ಇಕ್ಕಟ್ಟಿನಲ್ಲಿ ಮಾತು ಸಹಜವಾಗಿ ಕೇಳಬೇಕಿತ್ತು. ಅದಕ್ಕಾಗಿ ಸಂಕೀರ್ಣ ಕ್ರಾಸ್‌ಓವರನ್ನೂ ತಗ್ಗಿದ ಸೆನ್ಸಿಟಿವಿಟಿಯನ್ನೂ ಎಂಜಿನಿಯರುಗಳು ತಿಳಿದೇ ಒಪ್ಪಿದರು. ಉದ್ದೇಶ ಸ್ಪಷ್ಟವಿದ್ದುದರಿಂದ ತ್ಯಾಗವೂ ಸ್ಪಷ್ಟವಾಯಿತು.

ಎಲ್ಲ ಆಯ್ಕೆಗಳೂ ಸಮವೆಂದು ಇದರ ಅರ್ಥವಲ್ಲ. ಯಾರಿಗಾಗಿ, ಯಾವ ಕೋಣೆಗಾಗಿ ಎಂದು ಕೇಳದೆ ಶ್ರೇಷ್ಠತೆಯ ಮಾತಿಗೆ ಅರ್ಥವಿಲ್ಲ, ಅಷ್ಟೇ. ಕಾರ್ಖಾನೆ ತಾನು ಕಾಣದ ಕೋಣೆಗಳಿಗಾಗಿ ಊಹಿಸಬೇಕು. ಮನೆಯಲ್ಲಿ ಕಟ್ಟುವವರಿಗೆ ಕೋಣೆಯೂ ಗೊತ್ತು, ಕೇಳುವವರೂ ಗೊತ್ತು. ಈ ಅರಿವನ್ನು ಬದಿಗಿಟ್ಟು ಪುಸ್ತಕದ ಸೂತ್ರಕ್ಕೆ ಶರಣಾದರೆ, ಸ್ವಂತ ಕೈಯಿಂದ ಕಟ್ಟುವುದರ ಅತಿ ದೊಡ್ಡ ಲಾಭವನ್ನೇ ಕೈಬಿಟ್ಟಂತೆ.