ನೆರೆ ಹೊರೆಯಾದಾಗ

ಜ್ಞಾನೋಕ್ತಿ ಗ್ರಂಥದ 27ನೆಯ ಅಧ್ಯಾಯದಲ್ಲಿ ನೆರೆಯವರ ಬಗ್ಗೆ ಎರಡು ಮಾತುಗಳಿವೆ. ದೂರದಲ್ಲಿರುವ ಸಹೋದರನಿಗಿಂತ ಹತ್ತಿರದ ನೆರೆಯವನೇ ಮೇಲು ಎಂಬುದು ಹತ್ತನೆಯ ವಚನದ ತಿರುಳು. ಅಲ್ಲಿಂದ ನಾಲ್ಕೇ ವಚನ ಮುಂದೆ ಒಂದು ಎಚ್ಚರಿಕೆ ಇದೆ: ನಸುಕಿನಲ್ಲೇ ಎದ್ದು ಗಟ್ಟಿ ದನಿಯಲ್ಲಿ ನೆರೆಯವನಿಗೆ ಶುಭ ಕೋರಿದರೆ ಅದು ಶಾಪವೆಂದೇ ಎಣಿಕೆಯಾದೀತು! ಮೈಕು, ಮಿಕ್ಸಿ, ಟಿ.ವಿ. ಯಾವುದೂ ಇಲ್ಲದ ಕಾಲದಲ್ಲೂ ಈ ತೊಂದರೆ ಇತ್ತೆಂದಾಯಿತು.

ಇಂದು ನಮ್ಮಲ್ಲಿ ಅನೇಕರು ವಠಾರಗಳಲ್ಲಿ, ಸಾಲುಮನೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುತ್ತೇವೆ. ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ಐದಕ್ಕೆ ನೀರಿನ ಮೋಟಾರು, ಆರಕ್ಕೆ ಕುಕ್ಕರಿನ ಸೀಟಿ, ರಾತ್ರಿ ಹನ್ನೊಂದಕ್ಕೆ ಧಾರಾವಾಹಿಯ ಅಳು, ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುವ ಸದ್ದು. ಸದ್ದಿನ ಸ್ವಭಾವವೇ ವಿಚಿತ್ರ. ಮಾಡುವವರ ಕಿವಿಗೆ ಅದು ಬೀಳುವುದೇ ಇಲ್ಲ. ಕೇಳುವವರಿಗೆ ಬೇರೇನೂ ಕೇಳಿಸುವುದಿಲ್ಲ.

ಜಗಳ ಶುರುವಾಗುವುದು ಸದ್ದಿನಿಂದಾದರೂ ಅದು ಬೆಳೆಯುವುದು ನಮ್ಮ ಊಹೆಯಿಂದ. ಮೊದಲ ದಿನ 'ಟಿ.ವಿ. ಜೋರಾಗಿದೆ' ಎನ್ನುತ್ತೇವೆ. ಹತ್ತನೆಯ ದಿನ 'ನಮಗೆ ತೊಂದರೆಯಾಗಲೆಂದೇ ಜೋರು ಮಾಡುತ್ತಾರೆ' ಎನ್ನುತ್ತೇವೆ. ಪಕ್ಕದ ಮನೆಯ ಅಜ್ಜನಿಗೆ ಕಿವಿ ಮಂದವಾಗಿರಬಹುದು ಎಂದು ಹೊಳೆಯುವುದೇ ಇಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎಂಟನೆಯ ಆಜ್ಞೆಯ ವಿವರಣೆಯಲ್ಲಿ ಇಂಥ ಆತುರದ ತೀರ್ಪನ್ನು ಒಂದು ದೋಷವೆಂದೇ ಹೇಳುತ್ತದೆ. ನೆರೆಯವರ ನಡೆನುಡಿಗೆ ಆದಷ್ಟೂ ಒಳ್ಳೆಯ ಅರ್ಥವನ್ನೇ ಕೊಡಬೇಕೆಂದು ಅದು ಕಲಿಸುತ್ತದೆ.

ಹಾಗಾದರೆ ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿರುವುದೇ ಕ್ರೈಸ್ತ ಧರ್ಮವೇ? 'ತಾಳಿದವನು ಬಾಳಿಯಾನು' ಎಂದು ಹಿರಿಯರು ಹೇಳಿಲ್ಲವೇ?

ಬಾಲಯೇಸುವಿನ ಸಂತ ತೆರೇಸಾ ಈ ಪ್ರಶ್ನೆಗೆ ತಮ್ಮ ಆತ್ಮಕಥೆಯಲ್ಲಿ ಒಂದು ಉತ್ತರ ಕೊಟ್ಟಿದ್ದಾರೆ. ಫ್ರಾನ್ಸಿನ ಲಿಸ್ಯೂ ಮಠದಲ್ಲಿ ಸಂಜೆಯ ಧ್ಯಾನದ ಹೊತ್ತಿಗೆ ಅವರ ಹಿಂದೆ ಕೂರುತ್ತಿದ್ದ ಸಹೋದರಿಯೊಬ್ಬರು ಒಂದು ಬಗೆಯ ಕಿರಿಕಿರಿಯ ಸದ್ದು ಮಾಡುತ್ತಿದ್ದರು. ತಿರುಗಿ ನೋಡಿ ಸುಮ್ಮನಾಗಿಸಬೇಕೆಂದು ತೆರೇಸಾಗೆ ಎಷ್ಟೋ ಸಲ ಅನಿಸಿತು. ತಡೆದುಕೊಳ್ಳುವ ಪ್ರಯತ್ನದಲ್ಲೇ ಮೈ ಬೆವರುತ್ತಿತ್ತು. ಕೊನೆಗೆ ಅವರು ಆ ಸದ್ದಿನಿಂದ ಓಡುವುದನ್ನು ಬಿಟ್ಟು, ಅದನ್ನೇ ಸಂಗೀತ ಕಚೇರಿಯೆಂಬಂತೆ ಆಲಿಸಿ ಯೇಸುವಿಗೆ ಅರ್ಪಿಸಿದರು. 1897ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಕನ್ಯಾಸ್ತ್ರೀಯನ್ನು ಧರ್ಮಸಭೆ 1997ರಲ್ಲಿ ತನ್ನ ಪಂಡಿತರ ಸಾಲಿಗೆ ಸೇರಿಸಿತು.

ಆದರೆ ಒಂದು ಮಾತನ್ನು ಗಮನಿಸಬೇಕು. ತೆರೇಸಾ ಸದ್ದನ್ನು ಸಹಿಸಿದರು, ಸದ್ದು ಮಾಡಿದವರನ್ನು ದ್ವೇಷಿಸಲಿಲ್ಲ. ನಮ್ಮ ತಾಳ್ಮೆ ಅಂಥದೇ? ಬಾಯಿ ಮುಚ್ಚಿಕೊಂಡಿರುತ್ತೇವೆ, ಆದರೆ ಮನಸ್ಸಿನಲ್ಲಿ ಲೆಕ್ಕ ಬರೆಯುತ್ತಿರುತ್ತೇವೆ. ಗೋಡೆ ಗುದ್ದುತ್ತೇವೆ, ಬಾಗಿಲನ್ನು ಧಡಾರನೆ ಹಾಕುತ್ತೇವೆ. ಅವರೊಬ್ಬರನ್ನು ಬಿಟ್ಟು ಬೀದಿಯವರೆಲ್ಲರ ಮುಂದೆ ದೂರುತ್ತೇವೆ. ಭಾನುವಾರ ಬಲಿಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವಾಗ ಮಾತ್ರ ಅವರತ್ತ ತಿರುಗುವುದಿಲ್ಲ. ಇದು ತಾಳ್ಮೆಯಲ್ಲ, ಬಡ್ಡಿಗೆ ಬಿಟ್ಟ ಕೋಪ.

ಪರೀಕ್ಷೆ ಸುಲಭ. ಸದ್ದನ್ನು ಸಹಿಸಿಕೊಂಡ ಮಾರನೆಯ ದಿನ ನೆರೆಯವರನ್ನು ಕಂಡಾಗ ಮನಸಾರೆ ನಗಲು ಬರುತ್ತದೆಯೇ? ಬಂದರೆ ಸಹಿಸಿಕೊಳ್ಳಿ, ಅದು ಪುಣ್ಯ. ಬಾರದಿದ್ದರೆ ಹೋಗಿ ಮಾತಾಡಿ, ಅದು ಕರ್ತವ್ಯ.

ಇದು ನಮ್ಮ ಅನುಕೂಲಕ್ಕಾಗಿ ಹುಟ್ಟಿಸಿಕೊಂಡ ಮಾತಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಪ್ರಭು ಯೇಸು ಎತ್ತಿ ಹೇಳಿದ ಆಜ್ಞೆ ಇರುವುದು ಯಾಜಕಕಾಂಡದ 19ನೆಯ ಅಧ್ಯಾಯದ 18ನೆಯ ವಚನದಲ್ಲಿ. ಅದರ ಹಿಂದಿನ ವಚನವನ್ನು ನಾವು ಓದುವುದು ಕಡಿಮೆ. ಸಹೋದರನ ಮೇಲೆ ಮನಸ್ಸಿನೊಳಗೆ ಹಗೆ ಇಟ್ಟುಕೊಳ್ಳಬೇಡ, ಅವನ ತಪ್ಪನ್ನು ಅವನಿಗೇ ತಿಳಿಸು ಎನ್ನುತ್ತದೆ ಅದು. ನೇರವಾಗಿ ಹೇಳುವುದೂ ಪ್ರೀತಿಯ ಆಜ್ಞೆಯ ಭಾಗವೇ ಆಗಿದೆ.

ಹೇಳುವ ರೀತಿಯನ್ನು ಪ್ರಭುವೇ ಕಲಿಸಿದ್ದಾರೆ (ಮತ್ತಾಯ 18:15-17). ಮೊದಲು ಒಬ್ಬರೇ ಹೋಗಿ, ಅವರೊಬ್ಬರಿಗೇ ಹೇಳಬೇಕು. ರಾತ್ರಿ ಹನ್ನೊಂದರ ಸಿಟ್ಟಿನಲ್ಲಿ ಬಾಗಿಲು ತಟ್ಟಬೇಡಿ. ಮರುದಿನ ಬೆಳಕಿನಲ್ಲಿ ಹೋಗಿ. 'ನೀವು ಯಾವಾಗಲೂ ಹೀಗೇ' ಎನ್ನುವ ಬದಲು, 'ಮಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಇದೆ, ಒಂಬತ್ತರ ಮೇಲೆ ಸ್ವಲ್ಪ ಕಡಿಮೆ ಮಾಡಿದರೆ ಉಪಕಾರವಾಗುತ್ತದೆ' ಎನ್ನಿ. ಹೊತ್ತು, ಕಾರಣ ಎರಡೂ ಸ್ಪಷ್ಟವಾಗಿರಲಿ. ಆಮೇಲೆ, 'ನಮ್ಮಿಂದ ನಿಮಗೇನಾದರೂ ತೊಂದರೆಯಿದೆಯೇ?' ಎಂದು ಕೇಳಿ, ಬರುವ ಉತ್ತರವನ್ನೂ ಕೇಳಿಸಿಕೊಳ್ಳಿ.

ಬದುಕಿನ ಸದ್ದೇ ಬೇರೆ, ಷೋಕಿಯ ಸದ್ದೇ ಬೇರೆ. ಹಸುಗೂಸಿನ ಅಳು, ರೋಗಿಯ ಕೆಮ್ಮು, ನಸುಕಿಗೇ ಕೆಲಸಕ್ಕೆ ಹೊರಡುವ ತಾಯಿಯ ಅಡಿಗೆಮನೆ ಇವು ಬದುಕಿನ ಸದ್ದುಗಳು. ಇವನ್ನು ನಿಲ್ಲಿಸೆಂದು ಕೇಳುವ ಹಕ್ಕು ನಮಗಿಲ್ಲ. ಸ್ಪೀಕರು, ಪಟಾಕಿ, ನಡುರಾತ್ರಿಯ ಪಾರ್ಟಿ ಹಾಗಲ್ಲ. ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ನರ್ಸ್ ಪಕ್ಕದಲ್ಲಿದ್ದರೆ, ಹಗಲಿನ ಸದ್ದಿಗೂ ಮಿತಿ ಇರಬೇಕಾಗುತ್ತದೆ.

ಒಬ್ಬರೇ ಹೋಗಿ ಹೇಳಿದ್ದು ಫಲಿಸದಿದ್ದರೆ, ಇಬ್ಬರಿಗೂ ಬೇಕಾದ ಒಂದಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗಬೇಕು. ಅದೂ ಆಗದಿದ್ದರೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗೆ. ದೂರು ಕೊಡುವುದು ಪಾಪವಲ್ಲ. ಆದರೆ ಒಮ್ಮೆಯೂ ಬಾಗಿಲು ತಟ್ಟದೆ ನೇರವಾಗಿ ಠಾಣೆಗೆ ಹೋಗುವುದು ಶುಭಸಂದೇಶದ ಕ್ರಮವಲ್ಲ.

ಇನ್ನು ನಮ್ಮ ಸದ್ದು. ಚೆನ್ನೈಯ ಒಂದು ಕ್ರೈಸ್ತ ಪ್ರಾರ್ಥನಾಲಯದ ಧ್ವನಿವರ್ಧಕದ ಬಗ್ಗೆ ಸುತ್ತಲಿನ ನಿವಾಸಿಗಳು ನ್ಯಾಯಾಲಯದ ಮೊರೆ ಹೋಗಿದ್ದರು. ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಮನೆಯ ಜಪಮಾಲೆಗೆ ಹಚ್ಚಿದ ಸ್ಪೀಕರು, ಹಬ್ಬದ ಮೈಕು, ಕ್ರಿಸ್ಮಸ್ ರಾತ್ರಿಯ ಪಟಾಕಿ ಇವನ್ನೂ ಈ ಮಾತಿನ ಬೆಳಕಿನಲ್ಲಿ ನೋಡೋಣ. ಹೋರೇಬ್ ಬೆಟ್ಟದಲ್ಲಿ ಎಲೀಯನಿಗೆ ದೇವರು ಬಿರುಗಾಳಿಯಲ್ಲಿ ಸಿಗಲಿಲ್ಲ, ಭೂಕಂಪದಲ್ಲಿ ಸಿಗಲಿಲ್ಲ, ಬೆಂಕಿಯಲ್ಲೂ ಸಿಗಲಿಲ್ಲ, ಮೆಲುದನಿಯಲ್ಲಿ ಸಿಕ್ಕರು. ಒಳಕೋಣೆಯ ಕದ ಮುಚ್ಚಿ ಪ್ರಾರ್ಥಿಸಿರೆಂದು ಪ್ರಭುವೂ ಹೇಳಿದ್ದಾರೆ.

ನೆರೆಯವರನ್ನು ನಾವು ಆರಿಸಿಕೊಂಡವರಲ್ಲ. ದೇವರು ನಮ್ಮ ಪಕ್ಕದಲ್ಲಿ ಇಟ್ಟವರು. ಈ ವಾರ ಯಾರ ಮನೆಯ ಸದ್ದು ನಮ್ಮನ್ನು ಕಾಡುತ್ತದೆಯೋ ಅವರ ಹೆಸರನ್ನು ಸಂಜೆಯ ಪ್ರಾರ್ಥನೆಯಲ್ಲಿ ನೆನೆಯೋಣ. ಆನಂತರ, ಹೇಳಬೇಕಾದ ಮಾತಿದ್ದರೆ, ಹೋಗಿ ಮೆಲ್ಲಗೆ ಬಾಗಿಲು ತಟ್ಟೋಣ.