ಸಲಹೆಗೆ ಸಲ್ಲಬೇಕಾದ ಸಂಭಾವನೆ

ಗಾಣದ ಎಣ್ಣೆಗೆ ಬೆಲೆಯುಂಟು, ಮಗ್ಗದ ಬಟ್ಟೆಗೆ ಬೆಲೆಯುಂಟು. ಕಣ್ಣಿಗೆ ಕಾಣುವ ವಸ್ತುವಿಗೆ ಹಣ ತೆರುವಾಗ ನಮ್ಮ ಕೈ ಹಿಂಜರಿಯುವುದಿಲ್ಲ. ಆದರೆ ಬಲ್ಲವನೊಬ್ಬನು ಬಂದು ನೋಡಿ, ವಿಚಾರಮಾಡಿ, ನಾಲ್ಕು ಮಾತು ಹೇಳಿ ಹೋದರೆ ಆ ಮಾತಿಗೆ ಹಣ ಕೊಡಲು ಮನಸ್ಸು ಕುಗ್ಗುತ್ತದೆ. “ಬಾಯಿಮಾತಿಗೆ ಇಷ್ಟು ಹಣವೇ?” ಎಂದು ಕೇಳುತ್ತೇವೆ. ತಿಳಿವಳಿಕೆಗೆ ಬೆಲೆ ಕಟ್ಟಬಹುದೇ, ಕಟ್ಟಿದರೆ ನ್ಯಾಯವಾದ ಬೆಲೆ ಯಾವುದು ಎಂಬುದು ಲೆಕ್ಕದ ಪ್ರಶ್ನೆಯಾದಂತೆ ನೀತಿಯ ಪ್ರಶ್ನೆಯೂ ಆಗಿದೆ. ಮಠದ ಪ್ರಸಾದನಿಲಯಗಳಲ್ಲಿ ಓದಿ ಇಂದು ಎಂಜಿನಿಯರ್, ವಕೀಲ, ಲೆಕ್ಕಪರಿಶೋಧಕರಾಗಿ ಸ್ವತಂತ್ರ ವೃತ್ತಿಯಲ್ಲಿರುವವರಿಗೂ, ಅವರ ಬಳಿಗೆ ಹೋಗುವ ನಮ್ಮಂಥವರಿಗೂ ಇದು ನಿತ್ಯದ ಪ್ರಶ್ನೆ.

ಈ ವಿಷಯದಲ್ಲಿ ನಾನು ಕಲಿತ ಪಾಠವನ್ನು ಮುಚ್ಚಿಡಲಾರೆ. ನಿವೃತ್ತಿಯ ಹಣದಿಂದ ಎರೆಭೂಮಿಯಲ್ಲಿ ಮನೆ ಕಟ್ಟಿಸಲು ಹೊರಟಾಗ, ಪರಿಚಿತ ಸಲಹೆಗಾರ ಎಂಜಿನಿಯರರೊಬ್ಬರು ಸ್ಥಳ ನೋಡಿ ಅಡಿಪಾಯದ ನಕ್ಷೆ ಕೊಡಲು 20,000 ರೂಪಾಯಿ ಹೇಳಿದರು. ನನಗೆ ಅದು ಅತಿಯೆನಿಸಿತು. ಸಿಮೆಂಟು, ಕಬ್ಬಿಣ ಮಾರುವವರೊಬ್ಬರು, “ಸಾಮಾನು ನಮ್ಮಲ್ಲೇ ತೆಗೆದುಕೊಳ್ಳಿರಿ ಮೇಷ್ಟ್ರೇ, ಸಲಹೆಗೆ ದುಡ್ಡು ಬೇಡ” ಎಂದರು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆಯಂತೆ ಒಪ್ಪಿಬಿಟ್ಟೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆಳವಿಲ್ಲದ ಅಡಿಪಾಯ ಅದರೊಡನೆಯೇ ಏಳುತ್ತದೆ, ಇಳಿಯುತ್ತದೆ. ಮೂರನೆಯ ಬೇಸಿಗೆಗೆ ನಡುಮನೆಯ ಗೋಡೆ ಸೀಳಿತು. ತಲೆತಗ್ಗಿಸಿಕೊಂಡು ಅದೇ ಎಂಜಿನಿಯರರ ಬಳಿಗೆ ಹೋದೆ. ನೆಲವನ್ನು ಆಳಕ್ಕೆ ಕೊರೆದು, ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬಗಳ ಮೇಲೆ ಮನೆಯನ್ನು ನಿಲ್ಲಿಸುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬಹಳ ಹಿಂದೆ ರೂಪಿಸಿದೆಯಂತೆ. ಅವರು ಅಂದು ಸೂಚಿಸಲಿದ್ದುದು ಅದನ್ನೇ. ದುರಸ್ತಿಗೆ ತಗುಲಿದ ಹಣ ಅವರು ಕೇಳಿದ್ದರ ಹನ್ನೆರಡು ಪಟ್ಟು.

ಶುಲ್ಕವನ್ನು ಹೇಗೆ ಗೊತ್ತುಪಡಿಸುತ್ತೀರಿ ಎಂದು ಆಗ ಕೇಳಿದೆ. ಅವರು ಒಂದು ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕ ಇದು. ತಿಂಗಳಿಗೆ 60,000 ರೂಪಾಯಿ ಸಂಬಳದ ನೌಕರನನ್ನು ಊಹಿಸಿಕೊಳ್ಳಿರಿ. ದಿನಕ್ಕೆ 2,000 ರೂಪಾಯಿ ಬಿತ್ತು. ರಜೆಯ ದಿನಕ್ಕೂ ಅವನಿಗೆ ಸಂಬಳವುಂಟು. ಭವಿಷ್ಯನಿಧಿಗೆ ಮಾಲೀಕರು ವೇತನದ ಶೇಕಡ 12ರಷ್ಟನ್ನು ಸೇರಿಸುತ್ತಾರೆ. ಸೇವೆಯ ವರ್ಷವೊಂದಕ್ಕೆ 15 ದಿನಗಳ ವೇತನದಂತೆ ಉಪದಾನ ಬರುತ್ತದೆ. ಸ್ವತಂತ್ರ ಸಲಹೆಗಾರನಿಗೆ ಇವಾವುವೂ ಇಲ್ಲ. ವರ್ಷದ 365 ದಿನಗಳಲ್ಲಿ ವಾರದ ರಜೆ, ಹಬ್ಬ, ಕಾಯಿಲೆಗಳನ್ನು ಕಳೆದರೆ 220 ದಿನಗಳು ಉಳಿದಾವು. ಅವುಗಳಲ್ಲಿಯೂ ಕೆಲಸ ಹುಡುಕುವುದು, ಅಂದಾಜುಪಟ್ಟಿ ಬರೆಯುವುದು, ಓಡಾಟ, ಹೊಸದನ್ನು ಓದಿ ಕಲಿಯುವುದು, ಬಾಕಿ ವಸೂಲಿಗಾಗಿ ಅಲೆಯುವುದು ಇವುಗಳಿಗೆ 100 ದಿನಗಳು ಹೋಗುತ್ತವೆ. ಹಣ ತರುವ ದಿನಗಳು 120 ಮಾತ್ರ. ಜೀವನಕ್ಕೆ 7,20,000, ವಿಮೆ ಮತ್ತು ಮುಪ್ಪಿನ ನಿಧಿಗೆ 1,20,000, ಕಚೇರಿ, ಗಣಕಯಂತ್ರ, ಪ್ರಯಾಣ, ಸಹಾಯಕನ ವೇತನಕ್ಕೆ 2,40,000, ಬಾರದ ಬಾಕಿಗೆ 1,20,000, ಒಟ್ಟು 12 ಲಕ್ಷ. ಅದನ್ನು 120ರಿಂದ ಭಾಗಿಸಿದರೆ ದಿನಕ್ಕೆ 10,000 ರೂಪಾಯಿ. ನನ್ನ ಮನೆಯ ಕೆಲಸ ಎರಡು ದಿನಗಳದು. ನಾನು ಐದು ಪಟ್ಟು ದುರಾಸೆಯೆಂದು ಭಾವಿಸಿದ್ದುದು, ನೌಕರನು ಕಾಣದೆಯೇ ಪಡೆಯುವ ರಕ್ಷಣೆಯ ಬೆಲೆಯಾಗಿತ್ತು.

ಕಾನೂನು ಕೂಡ ಈ ಸತ್ಯವನ್ನು ಅರಿತಿದೆ. 2016ರ ಹಣಕಾಸು ಕಾಯಿದೆಯಿಂದ ಬಂದ ವ್ಯವಸ್ಥೆಯಂತೆ, ಗೊತ್ತುಪಡಿಸಿದ ವೃತ್ತಿಗಳವರು ನಿಗದಿತ ಮಿತಿಯೊಳಗೆ ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕೊಡಬಹುದು. ಉಳಿದರ್ಧವನ್ನು ವೆಚ್ಚವೆಂದೇ ಭಾವಿಸಲಾಗುತ್ತದೆ. ಕೊಳ್ಳುವವರು ನೋಂದಾಯಿತ ಸಣ್ಣ ಉದ್ಯಮಗಳ ಹಣವನ್ನು 45 ದಿನಗಳಿಗಿಂತ ಹೆಚ್ಚು ಕಾಲ ತಡೆಹಿಡಿಯಬಾರದೆಂದು 2006ರ ಕಾಯಿದೆ ವಿಧಿಸಿದೆ. ಆದರೂ “ನಾಳೆ ಬನ್ನಿ” ಎಂಬ ನಮ್ಮ ಮಾತು ಎಷ್ಟು ವೃತ್ತಿಗಾರರ ಅನ್ನವನ್ನು ಕಸಿದಿದೆಯೋ!

ಸಲಹೆಯ ಬೆಲೆಯನ್ನು ದಿನಗಳಿಂದ ಮಾತ್ರ ಅಳೆಯಲೂ ಆಗದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರ ಮುಳುಗಿತು. ನಿಜಾಮ ಸರ್ಕಾರ ಕರೆಸಿಕೊಂಡದ್ದು ಆಗತಾನೆ ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಪಡೆದಿದ್ದ ವಿಶ್ವೇಶ್ವರಯ್ಯನವರನ್ನು. 1909ರ ಏಪ್ರಿಲಿನಲ್ಲಿ ಅಲ್ಲಿಗೆ ಹೋದ ಅವರು ನವೆಂಬರಿನ ಹೊತ್ತಿಗೆ ಮೈಸೂರಿನ ಮುಖ್ಯ ಎಂಜಿನಿಯರರಾದರು. ಕೆಲವೇ ತಿಂಗಳುಗಳ ಆ ಸಲಹೆಯಿಂದ ಮುಂದೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡು, ಪ್ರವಾಹವನ್ನು ತಡೆಯುವುದರ ಜೊತೆಗೆ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದುವು. ಆ ತಿಂಗಳುಗಳ ಹಿಂದೆ 1884ರಿಂದ ನಡೆದುಬಂದ ಇಪ್ಪತ್ತನಾಲ್ಕು ವರ್ಷಗಳ ದುಡಿಮೆಯಿತ್ತು. ಅನುಭವಿಯು ಹತ್ತು ನಿಮಿಷದಲ್ಲಿ ಹೇಳುವ ಮಾತು ಹತ್ತು ನಿಮಿಷದಲ್ಲಿ ಹುಟ್ಟಿದ್ದಲ್ಲವಷ್ಟೆ.

ಹಾಗೆಂದ ಮಾತ್ರಕ್ಕೆ ಸಲಹೆಗಾರನು ಬಾಯಿಗೆ ಬಂದಷ್ಟು ಕೇಳಬಹುದೆಂದು ಅರ್ಥವಲ್ಲ. ಕೇಳುವವನ ಅಜ್ಞಾನವೇ ಅವನ ಬಂಡವಾಳವಾಗಬಾರದು. ಕಟ್ಟಡದ ವೆಚ್ಚದ ಮೇಲೆ ಶೇಕಡಾವಾರು ಶುಲ್ಕ ಪಡೆಯುವವನಿಗೆ ವೆಚ್ಚ ತಗ್ಗಿಸುವ ಉತ್ಸಾಹ ಎಲ್ಲಿಂದ ಬರಬೇಕು? ಮೊಕದ್ದಮೆ ಗೆದ್ದರೆ ಇಷ್ಟು ಎಂಬ ಕರಾರನ್ನು ವಕೀಲರಿಗೆ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಲಾಭದ ಪಾಲನ್ನು ಶುಲ್ಕವಾಗಿ ಪಡೆಯುವುದನ್ನು ಲೆಕ್ಕಪರಿಶೋಧಕರಿಗೆ, ಕೆಲವು ವಿನಾಯಿತಿಗಳ ಹೊರತು, 1949ರ ಕಾಯಿದೆ ತಡೆದಿದೆ. ಫಲದಲ್ಲಿ ಪಾಲುಗಾರನಾದವನ ಕಣ್ಣು ಮಂಜಾಗುತ್ತದೆ ಎಂಬುದೇ ಇದರ ತಾತ್ಪರ್ಯ. ಎಲ್ಲಕ್ಕಿಂತ ಕೆಟ್ಟದ್ದು ಮಾರುವವನಿಂದ ಗುಟ್ಟಾಗಿ ಪಡೆಯುವ ದಲ್ಲಾಳಿ ಹಣ. ನನಗೆ ಪುಕ್ಕಟೆಯಾಗಿ ದೊರೆತ ಸಲಹೆಯ ಶುಲ್ಕವನ್ನು ಸಿಮೆಂಟಿನ ಚೀಲಗಳ ಬೆಲೆಯಲ್ಲಿ ನಾನೇ ತೆತ್ತಿದ್ದೆ. ನನಗೆ ಅದು ತಿಳಿದಿರಲಿಲ್ಲ, ಅಷ್ಟೆ. ಬಹಿರಂಗವಾಗಿ ಕೇಳುವ ಶುಲ್ಕ ಎಷ್ಟೇ ಹೆಚ್ಚೆನಿಸಲಿ, ಅದನ್ನು ಒಪ್ಪಲೂ ಬಿಡಲೂ ನಮಗೆ ಸ್ವಾತಂತ್ರ್ಯವುಂಟು. ಮರೆಮಾಚಿದ ಶುಲ್ಕ ಆ ಸ್ವಾತಂತ್ರ್ಯವನ್ನೇ ಕಸಿಯುತ್ತದೆ.

ದಾಸೋಹದ ಅನ್ನವುಂಡು ಓದಿದವರು ಸಲಹೆಗೆ ಹಣ ಕೇಳಬಹುದೇ ಎಂಬ ಶಂಕೆ ಕೆಲವರಲ್ಲಿದೆ. ಕೇಳಬಹುದು, ಬುದ್ಧಿಯ ದುಡಿಮೆಯೂ ಕಾಯಕವೇ. ಕಾಯಕದಿಂದ ಗಳಿಸದವನು ದಾಸೋಹ ಮಾಡುವುದಾದರೂ ಯಾವುದರಿಂದ? ಆದರೆ ದಾಸೋಹವು ಕೊಡುವವನ ಮನಸ್ಸಿನಿಂದ ಹುಟ್ಟಬೇಕು. “ನಮ್ಮವನಲ್ಲವೇ, ಸುಮ್ಮನೆ ಮಾಡಿಕೊಡು” ಎಂದು ದಾಕ್ಷಿಣ್ಯಕ್ಕೆ ಸಿಲುಕಿಸಿ ಪಡೆದದ್ದು ದಾಸೋಹವಾಗದು, ಬಿಟ್ಟಿ ದುಡಿಮೆಯಾಗುತ್ತದೆ.

ನನ್ನ ಮನೆಯ ದುರಸ್ತಿ ಮುಗಿದ ಮೇಲೆ ಆ ಎಂಜಿನಿಯರರು ನಮ್ಮೂರ ಬಡಮಕ್ಕಳ ಶಾಲೆಯ ಕಟ್ಟಡಕ್ಕೂ ನಕ್ಷೆ ಮಾಡಿಕೊಟ್ಟರು. ಬಿಲ್ಲಿನಲ್ಲಿ ಪೂರ್ತಿ ಶುಲ್ಕವನ್ನು ಬರೆದು, ಕೆಳಗೆ ಅಷ್ಟೇ ಮೊತ್ತವನ್ನು “ದಾಸೋಹ” ಎಂದು ಕಳೆದಿದ್ದರು. ಏಕೆ ಹೀಗೆ ಎಂದಾಗ, “ಬೆಲೆ ಬರೆಯದಿದ್ದರೆ ನಾಳೆ ಬರುವ ಹುಡುಗ ಎಂಜಿನಿಯರನಿಗೂ ಇದೇ ಬೆಲೆ ಎಂದುಕೊಂಡಾರು, ಮೇಷ್ಟ್ರೇ” ಎಂದರು. ನನ್ನ ಮನೆಯ ಬಿಲ್ಲಿನಲ್ಲಿ ಆ ಕಳೆಯುವ ಸಾಲು ಇರಲಿಲ್ಲ. ಇರಬಾರದಿತ್ತು ಕೂಡ. ಪೂರ್ತಿ ಹಣವನ್ನು ಅಂದೇ ಕೊಟ್ಟು ಬಂದೆ. ಬಲ್ಲವರು ತಮ್ಮ ಮಾತಿನ ಬೆಲೆಯನ್ನು ಮೊದಲೇ ಮರೆಯಿಲ್ಲದೆ ಹೇಳಲಿ; ಕೇಳುವವರು ಒಪ್ಪಿದ್ದನ್ನು ತಡಮಾಡದೆ ಕೊಡಲಿ. ಇಬ್ಬರಲ್ಲಿಯೂ ಶುದ್ಧಿಯಿದ್ದಾಗ ಸಂಭಾವನೆಯು ಪರಸ್ಪರ ಗೌರವದ ಗುರುತಾಗುವುದರಲ್ಲಿ ಸಂದೇಹವಿಲ್ಲ.