ನೆನಪಿಲ್ಲದವನ ನರಕ

ಮಾಡಿದ ಪಾಪದ ನೆನಪೇ ಅಳಿದುಹೋದವನು ಅನುಭವಿಸುವ ಯಾತನೆಯನ್ನು ಶಿಕ್ಷೆ ಎನ್ನಬಹುದೇ ಎಂಬ ಪ್ರಶ್ನೆಗೆ ಐರ್ಲೆಂಡಿನ ಲೇಖಕ ಫ್ಲಾನ್ ಓಬ್ರಿಯನ್ (1911–1966) ‘ದಿ ಥರ್ಡ್ ಪೊಲೀಸ್‌ಮನ್’ ಕಾದಂಬರಿಯಲ್ಲಿ ಹಾಸ್ಯದ ವೇಷ ತೊಡಿಸಿದ್ದಾನೆ. 1940ರಲ್ಲಿ ಪ್ರಕಾಶಕರು ತಿರಸ್ಕರಿಸಿದ ಮೇಲೆ ಹಸ್ತಪ್ರತಿ ಕಳೆದುಹೋಯಿತೆಂದು ಲೇಖಕನೇ ಹೇಳಿಕೊಂಡು ತಿರುಗಿದ್ದ ಈ ಕೃತಿ, ಅವನು ತೀರಿಕೊಂಡ ಮರುವರ್ಷ, 1967ರಲ್ಲಿ ಪ್ರಕಟವಾಗಿ, ಕ್ರಮೇಣ ಐರಿಷ್ ಸಾಹಿತ್ಯದ ಮುಖ್ಯ ಕೃತಿಗಳ ಸಾಲಿಗೆ ಸೇರಿತು.

ಡಿ ಸೆಲ್ಬಿ ಎಂಬ ಕಲ್ಪಿತ ಪಂಡಿತನ ಮೇಲೆ ತಾನು ಬರೆದ ವ್ಯಾಖ್ಯಾನವನ್ನು ಅಚ್ಚು ಹಾಕಿಸುವ ಆಸೆಯಿಂದ ನಿರೂಪಕನು ಡಿವ್ನಿ ಎಂಬ ಸಂಗಾತಿಯೊಡನೆ ಸೇರಿ ಮುದುಕ ಮ್ಯಾಥರ್ಸ್‌ನನ್ನು ಕೊಲ್ಲುತ್ತಾನೆ; ಆ ಮುದುಕನ ಹಣದ ಪೆಟ್ಟಿಗೆಗೆ ಕೈ ಚಾಚಿದಾಗ ಡಿವ್ನಿ ಇರಿಸಿದ್ದ ಬಾಂಬು ಸಿಡಿದು ಸಾಯುತ್ತಾನಾದರೂ, ಅದು ಅವನಿಗೂ ಓದುಗನಿಗೂ ಕೊನೆಯವರೆಗೆ ತಿಳಿಯುವುದಿಲ್ಲ. ಸತ್ತ ಗಳಿಗೆಯಿಂದ ಅವನು ಮರೆತಿರುವುದು ತನ್ನ ಹೆಸರನ್ನು. ಆ ಬಳಿಕ ಅವನು ಸೇರುವ ಪೊಲೀಸ್ ಠಾಣೆಯ ಸಾರ್ಜೆಂಟ್ ಪ್ಲಕ್, ಸೈಕಲ್ ತುಳಿದು ತುಳಿದು ಮನುಷ್ಯರ ಅಣುಗಳೂ ಸೈಕಲ್ಲಿನ ಅಣುಗಳೂ ಅದಲುಬದಲಾಗುತ್ತವೆಂದು ನಂಬಿದವನು; ಕೈಗೆ ಸಿಕ್ಕಿದವನೆಂಬ ಒಂದೇ ಕಾರಣಕ್ಕೆ ಅವನು ನಿಜವಾದ ಕೊಲೆಗಾರನನ್ನೇ ಹಿಡಿದು, ಹೆಸರಿಲ್ಲದವನು ಕಾನೂನಿನ ದೃಷ್ಟಿಯಲ್ಲಿ ಇಲ್ಲವೇ ಇಲ್ಲವಾದ್ದರಿಂದ ಅವನನ್ನು ಗಲ್ಲಿಗೇರಿಸಿದರೆ ತಪ್ಪಾಗದೆಂದು ವಾದಿಸುತ್ತಾನೆ.

ಈ ತಮಾಷೆಯ ತರ್ಕದ ಹಿಂದೆ ಹಳೆಯದೊಂದು ತಾತ್ವಿಕ ಸಮಸ್ಯೆಯಿದೆ. ನೆನ್ನೆಯ ವ್ಯಕ್ತಿಯೂ ಇಂದಿನ ವ್ಯಕ್ತಿಯೂ ಒಬ್ಬನೇ ಎನ್ನಲು ಪ್ರಜ್ಞೆಯ ಅವಿಚ್ಛಿನ್ನತೆಯೇ, ಎಂದರೆ ಹಿಂದಿನದನ್ನು ತನ್ನದೆಂದು ಅರಿಯುವ ನೆನಪೇ, ಆಧಾರವೆಂದು 1694ರಲ್ಲಿ ವಾದಿಸಿದ ತತ್ವಜ್ಞಾನಿ ಜಾನ್ ಲಾಕ್, ಅರಿವಿಗೇ ಬಾರದ ಕೃತ್ಯಕ್ಕೆ ದಂಡಿಸುವುದಕ್ಕೂ ಒಬ್ಬನನ್ನು ಹುಟ್ಟಿನಿಂದಲೇ ದುಃಖಿಯಾಗಿ ಸೃಷ್ಟಿಸುವುದಕ್ಕೂ ಏನು ವ್ಯತ್ಯಾಸವೆಂದು ಕೇಳಿದ್ದ. ಕ್ಯಾಥೊಲಿಕ್ ಧರ್ಮಶಾಸ್ತ್ರವೂ ನರಕದ ಪರಮ ವೇದನೆ ಬೆಂಕಿಯಲ್ಲ, ದೇವರಿಂದ ಶಾಶ್ವತವಾಗಿ ಅಗಲಿದ ನಷ್ಟವೆಂದು ಬೋಧಿಸುತ್ತದೆ. ಆ ನಷ್ಟ ನೋಯಿಸಬೇಕಾದರೆ ಅದರ ಅರಿವಿರಬೇಕು. ಓಬ್ರಿಯನ್ನನ ನರಕ, ಎಂದರೆ ಸತ್ತ ನಿರೂಪಕ ಸೇರುವ ಆ ಠಾಣೆಯ ಲೋಕ, ಈ ಅರಿವನ್ನೇ ಕಿತ್ತುಕೊಳ್ಳುತ್ತದೆ. ಅಲ್ಲಿ ಮೂರು ದಿನ ಕಳೆದು ನಿರೂಪಕ ಮರಳಿದಾಗ ಲೋಕದಲ್ಲಿ 16 ವರ್ಷಗಳು ಸಂದಿವೆ. ಅವನನ್ನು ಕಂಡ ಡಿವ್ನಿ ಭಯದಿಂದಲೇ ಸಾಯುತ್ತಾನೆ. ಬಳಿಕ ಹಿಂದಿನದೆಲ್ಲ ಮರೆತ ನಿರೂಪಕ ಅದೇ ಠಾಣೆಯನ್ನು ಮೊದಲು ಬಣ್ಣಿಸಿದ ಮಾತುಗಳಲ್ಲೇ ಮತ್ತೆ ಬಣ್ಣಿಸುತ್ತಾ ಅದರೊಳಗೆ ಕಾಲಿಡುತ್ತಾನೆ.

ಆ ಪುನರಾವರ್ತನೆಯನ್ನು ಗುರುತಿಸಬಲ್ಲವನು ಓದುಗನೊಬ್ಬನೇ. ಅಪರಾಧಿ ಕಳೆದುಕೊಂಡ ನೆನಪು ಹೀಗೆ ಓದುಗನ ಪಾಲಿಗೆ ಬರುತ್ತದೆ. ಕೃತಿಯನ್ನು ಬರಿಯ ಅಸಂಬದ್ಧ ವಿನೋದವೆಂದು ಓದುವವರು ಈ ವರ್ಗಾವಣೆಯನ್ನು ಗಮನಿಸುವುದಿಲ್ಲ. ಲಾಕ್‌ನ ಒರೆಗೆ ಹಚ್ಚಿದರೆ ಈ ಯಾತನೆ ಶಿಕ್ಷೆಯಾಗದು, ಕಾದಂಬರಿಯೂ ಅದನ್ನು ಶಿಕ್ಷೆಯೆಂದು ಎಲ್ಲೂ ಸಾಧಿಸುವುದಿಲ್ಲ. ಅದು ಕಾಣಿಸುವ ಲೋಕದಲ್ಲಿ ಕೃತ್ಯಕ್ಕೆ ಫಲ ತಪ್ಪದು, ಪೊಲೀಸರಿಗೂ ಕೊರತೆಯಿಲ್ಲ, ಇಲ್ಲದಿರುವುದು ವಿಚಾರಣೆ ನಡೆಸುವ ನ್ಯಾಯಾಧೀಶ.